+6 ಇದ್ದರೂ 15ಕ್ಕೆ ಇನ್ನೊಂದು ಎಲೆ ಯಾಕೆ?

ಬ್ಲ್ಯಾಕ್‌ಜಾಕ್‌ನಲ್ಲಿ ಎಲೆ ಎಣಿಸಿ +6 ಬಂದರೂ 15ಕ್ಕೆ ಇನ್ನೊಂದು ಎಲೆ ಯಾಕೆ ತೆಗೆಯಬೇಕಿತ್ತು ಅಂತ ಕೇಳಿದ್ದೀರಿ. ತಪ್ಪಾಗಿರುವುದು ಬಹುಶಃ ಭಾಗಾಕಾರದಲ್ಲಿ. ಆರು ಡೆಕ್‌ನ ಶೂನಲ್ಲಿ (ಎಲೆ ಹಂಚುವ ಪೆಟ್ಟಿಗೆ) ಎಣಿಕೆ +6 ಬಂತು ಅಂತ ಡೀಲರ್‌ನ 10ರ ಎದುರು 15 ಇಟ್ಟುಕೊಂಡು ನಿಂತಿದ್ದೀರಿ, ಅಂದರೆ ಇನ್ನೊಂದು ಎಲೆ ತೆಗೆದಿಲ್ಲ. ಆದರೆ ಅದು ರನ್ನಿಂಗ್ ಕೌಂಟ್, ಅಂದರೆ ಈವರೆಗೆ ಬಂದ ಎಲೆಗಳ ಒಟ್ಟು ಎಣಿಕೆ. ಯಾವಾಗ ನಿಲ್ಲಬೇಕು ಅಂತ ಹೇಳುವ ಚಾರ್ಟ್‌ನ ಅಂಕಿಗಳು ಟ್ರೂ ಕೌಂಟ್‌ನವು, ಅಂದರೆ ಆ ಎಣಿಕೆಯನ್ನು ಉಳಿದ ಡೆಕ್‌ಗಳಿಂದ ಭಾಗಿಸಿದ್ದು.

ಮೊದಲು ಆಡಿ ಮುಗಿದ ಎಲೆಗಳ ಟ್ರೇ ನೋಡಿ. ಅಲ್ಲಿ ಎರಡು ಡೆಕ್ ದಪ್ಪ ಇದ್ದರೆ ಉಳಿದದ್ದು ನಾಲ್ಕು. 6ನ್ನು 4ರಿಂದ ಭಾಗಿಸಿದರೆ 1.5. ಅದೇ +6 ಎರಡೇ ಡೆಕ್ ಉಳಿದಾಗ ಬಂದರೆ 3 ಆಗುತ್ತದೆ. ಎಷ್ಟು ವ್ಯತ್ಯಾಸ ಅಲ್ವಾ?

ಆಮೇಲೆ ಕೈ ನೋಡಿ. 10ರ ಎದುರು 16 ಇದ್ದರೆ, ಟ್ರೂ ಕೌಂಟ್ 0 ಅಥವಾ ಜಾಸ್ತಿ ಇದ್ದಾಗ ನಿಲ್ಲಿ. ಅಲ್ಲಿ ನಿಲ್ಲುವುದಕ್ಕೂ ಎಲೆ ತೆಗೆಯುವುದಕ್ಕೂ ನಷ್ಟ ಹೆಚ್ಚುಕಡಿಮೆ ಒಂದೇ, ಅದಕ್ಕೇ ಸ್ವಲ್ಪ ವಾಲಿದರೂ ಉತ್ತರ ಬದಲಾಗುತ್ತದೆ. 15ಕ್ಕೆ ಮಾತ್ರ +4 ಬೇಕು. ನಿಮ್ಮ 1.5ಕ್ಕೆ ಎಲೆ ತಗೊಳ್ಳಬೇಕಿತ್ತು. ಸರೆಂಡರ್ (ಅರ್ಧ ಪಣ ಬಿಟ್ಟು ಆ ಕೈಯಿಂದ ಹೊರಬರುವುದು) ಇರುವ ಟೇಬಲ್ ಆದರೆ ಎರಡಕ್ಕೂ ಸರೆಂಡರ್ ಮಾಡಿ, ಅದೇ ಒಳ್ಳೆಯದು. 3ರ ಎದುರು 12 ಇದ್ದರೆ +2ರಿಂದ ನಿಲ್ಲಿ, 2ರ ಎದುರು +3ರಿಂದ.

ಇನ್ಶೂರೆನ್ಸ್ +3ರಿಂದ ಮೇಲೆ ಮಾತ್ರ. ಡೀಲರ್ ಏಸ್ ತೋರಿಸಿದಾಗ, ಮುಚ್ಚಿದ ಎಲೆ ಹತ್ತು (ಜ್ಯಾಕ್, ರಾಣಿ, ರಾಜ ಸೇರಿ) ಅಂತ ಕಟ್ಟುವ, ಒಂದಕ್ಕೆ ಎರಡು ಕೊಡುವ ಪಣ ಅದು. ಉಳಿದ ಎಲೆಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹತ್ತುಗಳಿದ್ದರೆ ಮಾತ್ರ ಲಾಭ. ಕೈಯಲ್ಲಿ 20 ಇದೆ ಅಂತ ಸುಮ್ನೆ ತಗೋಬೇಡಿ. ನಾನು ಮೊದಲು ಕಲಿಯಲು ಹೇಳುವುದು ಇದನ್ನೇ, ಆರು ಡೆಕ್‌ನಲ್ಲಿ ಹೆಚ್ಚು ದಕ್ಕುವುದು ಇದರಿಂದಲೇ.

ನೀವು ಹೈ-ಲೋ ಎಣಿಸುತ್ತಿದ್ದೀರಿ (2ರಿಂದ 6ಕ್ಕೆ +1, ಹತ್ತು ಮತ್ತು ಏಸ್‌ಗೆ −1) ಅಂದುಕೊಂಡು ಹೇಳಿದ್ದೇನೆ. ಬೇರೆ ಪದ್ಧತಿಯಾದರೆ ಈ ಅಂಕಿಗಳನ್ನು ಬಳಸಬೇಡಿ.