ತರಕಾರಿಗಳ ಇಂಗ್ಲಿಷ್ ಹೆಸರುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬದನೆಕಾಯಿಗೆ ಇಂಗ್ಲಿಷಿನಲ್ಲಿ ಬ್ರಿಂಜಾಲ್ ಎನ್ನುತ್ತಾರೆಂದು ಶಾಲೆಯಲ್ಲಿ ಕಲಿತಿದ್ದೆ. ಈಗ ಇಂಗ್ಲಿಷ್ ಅಡುಗೆ ಪುಸ್ತಕಗಳನ್ನು ಓದಲು ಕುಳಿತರೆ ಒಂದರಲ್ಲಿ ಎಗ್‌ಪ್ಲಾಂಟ್ ಎಂದಿದೆ, ಮತ್ತೊಂದರಲ್ಲಿ ಓಬರ್ಜೀನ್ ಎಂದಿದೆ. ಸರಿಯಾದದ್ದು ಯಾವುದು? ಎಲ್ಲವನ್ನೂ ಬಾಯಿಪಾಠ ಮಾಡಬೇಕೆ?
(ಒಬ್ಬ ಗೃಹಿಣಿ)

ಉತ್ತರ: ಮೂರೂ ಸರಿಯೇ, ಆದರೆ ಮೂರೂ ಎಲ್ಲ ಕಡೆ ಸಲ್ಲುವುದಿಲ್ಲ. ಭಾರತದ ಇಂಗ್ಲಿಷಿನಲ್ಲಿ ಬ್ರಿಂಜಾಲ್, ಬ್ರಿಟನ್ನಿನಲ್ಲಿ ಓಬರ್ಜೀನ್, ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲಿ ಎಗ್‌ಪ್ಲಾಂಟ್ ಎಂಬುದು ರೂಢಿ. ಬ್ರಿಂಜಾಲ್ ಪೋರ್ಚುಗೀಸರ ಮೂಲಕ ಬಂದ ಪದ, ಓಬರ್ಜೀನ್ ಫ್ರೆಂಚರ ಮೂಲಕ ಬಂದದ್ದು. ಎರಡರ ಬೇರನ್ನು ಹುಡುಕುತ್ತ ಹೋದರೆ ಅರಬ್ಬಿಯ ಬಾದಿಂಜಾನ್ ಎಂಬ ಒಂದೇ ಪದ ಸಿಗುತ್ತದೆ. ಕೇಳುವ ಕಿವಿಗೆ ಸಂಬಂಧವೇ ಇಲ್ಲದಂತೆ ತೋರುವ ಈ ಹೆಸರುಗಳು ನಿಜಕ್ಕೂ ದಾಯಾದಿಗಳು. ಎಗ್‌ಪ್ಲಾಂಟ್ ಎಂಬುದು ಮೊದಲು ಕೋಳಿಮೊಟ್ಟೆಯಂತೆ ಕಾಣುವ ಬಿಳಿ ಬದನೆಯ ತಳಿಗೆ ಇಟ್ಟ ಹೆಸರಾಗಿದ್ದು, ಅನಂತರ ನೇರಳೆ ಬಣ್ಣದ ಬದನೆಗೂ ಅದೇ ಅಂಟಿಕೊಂಡಿತು.

ಎಲ್ಲವನ್ನೂ ಉರು ಹೊಡೆಯುವ ಅಗತ್ಯವಿಲ್ಲ. ಮಾತನಾಡುವುದಕ್ಕೆ ಒಂದು ಹೆಸರು ಸಾಕು, ಓದಿ ತಿಳಿಯುವುದಕ್ಕೆ ಉಳಿದವುಗಳ ಪರಿಚಯ ಸಾಕು. ಪುಸ್ತಕ ಯಾವ ದೇಶದ್ದೆಂದು ಮೊದಲು ನೋಡಿಕೊಂಡರೆ ಅರ್ಧ ಗೊಂದಲ ಅಲ್ಲಿಯೇ ತೀರುತ್ತದೆ. ಬೆಂಡೆಕಾಯಿ ಭಾರತದ ಇಂಗ್ಲಿಷಿನಲ್ಲಿ ಲೇಡೀಸ್ ಫಿಂಗರ್, ಅಮೆರಿಕದಲ್ಲಿ ಓಕ್ರಾ. ಈ ಓಕ್ರಾ ಪಶ್ಚಿಮ ಆಫ್ರಿಕಾದಿಂದ ಬಂದ ಪದ. ಬೀಟ್‌ರೂಟ್ ಅಮೆರಿಕದಲ್ಲಿ ಬರೀ ಬೀಟ್ ಆಗುತ್ತದೆ. ಬ್ರಿಟಿಷರು ಕೊತ್ತಂಬರಿಯ ಸೊಪ್ಪಿಗೂ ಬೀಜಕ್ಕೂ ಕೊರಿಯಾಂಡರ್ ಎಂದೇ ಹೇಳಿದರೆ, ಅಮೆರಿಕನ್ನರು ಸೊಪ್ಪಿಗೆ ಸಿಲಾಂಟ್ರೊ ಎಂಬ ಸ್ಪ್ಯಾನಿಷ್ ಹೆಸರನ್ನು ಬಳಸಿ ಕೊರಿಯಾಂಡರನ್ನು ಬೀಜಕ್ಕೆ ಮೀಸಲಿಡುತ್ತಾರೆ. ಆದ್ದರಿಂದ ಅಮೆರಿಕದ ಪುಸ್ತಕವೊಂದರಲ್ಲಿ ಕೊರಿಯಾಂಡರ್ ಎಂದು ಕಂಡ ಕೂಡಲೇ ಸೊಪ್ಪನ್ನು ಹೆಚ್ಚಲು ಹೊರಡಬಾರದು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಪೆಪ್ಪರ್ ಎಂಬಲ್ಲಿ. ದಪ್ಪ ಮೆಣಸಿನಕಾಯಿಯನ್ನು ಭಾರತ, ಆಸ್ಟ್ರೇಲಿಯಾಗಳಲ್ಲಿ ಕ್ಯಾಪ್ಸಿಕಂ ಎಂದರೆ ಅಮೆರಿಕದಲ್ಲಿ ಬೆಲ್ ಪೆಪ್ಪರ್ ಎನ್ನುತ್ತಾರೆ, ಬ್ರಿಟನ್ನಿನಲ್ಲಿ ಹಸಿರು ಅಥವಾ ಕೆಂಪು ಎಂಬ ಬಣ್ಣದ ಮಾತನ್ನು ಸೇರಿಸಿ ಪೆಪ್ಪರ್ ಎಂದಷ್ಟೇ ಹೇಳುತ್ತಾರೆ. ಕಾಳುಮೆಣಸಿಗೂ ಅದೇ ಪೆಪ್ಪರ್. ಕಾಳುಮೆಣಸನ್ನು ಅರಸಿ ಅಮೆರಿಕ ಖಂಡವನ್ನು ತಲುಪಿದ ಕೊಲಂಬಸನ ಕಾಲದವರು ಅಲ್ಲಿನ ಖಾರದ ಕಾಯಿಗೂ ತಮಗೆ ಗೊತ್ತಿದ್ದ ಹೆಸರನ್ನೇ ಹಚ್ಚಿದ್ದರ ಫಲ ಇದು. ಇದಕ್ಕೊಂದು ಸುಲಭವಾದ ಗುರುತಿದೆ: ಟೂ ಪೆಪ್ಪರ್ಸ್ ಎಂದು ಬಹುವಚನದಲ್ಲಿ ಎಣಿಸಿ ಹೇಳಿದ್ದರೆ ಅದು ಕಾಯಿ, ಎಣಿಕೆಯಿಲ್ಲದೆ, ಉಪ್ಪಿನ ಜೊತೆಜೊತೆಗೆ ಬಂದಿದ್ದರೆ ಅದು ಕಾಳುಮೆಣಸು.

ಪ್ರಶ್ನೆ: ಹೀರೆ, ಸೋರೆ, ಹಾಗಲ, ಪಡವಲ ಎಲ್ಲಕ್ಕೂ ಕೊನೆಯಲ್ಲಿ ಗೋರ್ಡ್ ಎಂದೇ ಬರುವುದರಿಂದ ಪರೀಕ್ಷೆಯಲ್ಲಿ ಒಂದಕ್ಕೆ ಇನ್ನೊಂದನ್ನು ಬರೆದುಬಿಡುತ್ತೇನೆ. ನೆನಪಿನಲ್ಲಿ ಉಳಿಸಿಕೊಳ್ಳುವುದು ಹೇಗೆ?
(ಪ್ರೌಢಶಾಲೆಯ ವಿದ್ಯಾರ್ಥಿನಿ)

ಉತ್ತರ: ಗೋರ್ಡ್ ಎಂಬುದು ಮನೆತನದ ಹೆಸರಿದ್ದಂತೆ, ಅದನ್ನು ಬದಿಗಿಟ್ಟು ಅದರ ಹಿಂದಿರುವ ವಿಶೇಷಣವನ್ನು ಕಾಯಿಯ ಮೇಲೆಯೇ ಕಣ್ಣಿಟ್ಟು ಹುಡುಕು. ಒಂದು ಹೀರೆಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ತೊಟ್ಟಿನಿಂದ ತುದಿಯವರೆಗೆ ಎದ್ದುನಿಂತ ಉದ್ದುದ್ದ ಏಣುಗಳು ಬೆರಳಿಗೆ ತಾಗುತ್ತವೆ. ಇಂಥ ಏಣುಗಳಿಗೆ ರಿಜ್ ಎನ್ನುತ್ತಾರೆ, ಹಾಗಾಗಿ ಅದು ರಿಜ್ ಗೋರ್ಡ್. ಬಲಿತ ಬೂದುಗುಂಬಳದ ಮೈಯನ್ನು ಉಜ್ಜಿದರೆ ಅಂಗೈಗೆ ಬಿಳಿಯ ಪುಡಿ ಹತ್ತುತ್ತದೆ. ಕನ್ನಡಿಗರಿಗೆ ಅದು ಬೂದಿಯಾಗಿ ಕಂಡಂತೆ ಇಂಗ್ಲಿಷಿನವರಿಗೂ ಬೂದಿಯಾಗಿಯೇ ಕಂಡಿದ್ದರಿಂದ ಆಶ್ ಗೋರ್ಡ್ ಆಯಿತು. ಆ ಪುಡಿಯನ್ನು ಮೇಣವೆಂದು ಎಣಿಸಿದವರು ವ್ಯಾಕ್ಸ್ ಗೋರ್ಡ್ ಎಂದೂ ಕರೆಯುತ್ತಾರೆ. ಸೋರೆ ಬಲಿತು ಒಣಗಿದರೆ ನೀರು ತುಂಬುವ ಬುರುಡೆಯಾಗುವುದರಿಂದ ಬಾಟಲ್ ಗೋರ್ಡ್. ಹಾಗಲದ ಕಹಿಗೆ ಬಿಟರ್, ಹಾವಿನಂತೆ ನೀಳವಾದ ಪಡವಲಕ್ಕೆ ಸ್ನೇಕ್. ತೊಂಡೆಕಾಯಿಯ ವಿಷಯದಲ್ಲಿ ಮಾತ್ರ ಕಾಯಿಯನ್ನು ಬಿಟ್ಟು ಎಲೆಯನ್ನು ನೋಡಬೇಕು: ಅದು ಐವಿ ಎಂಬ ಬಳ್ಳಿಯ ಎಲೆಯನ್ನು ಹೋಲುವುದರಿಂದ ಐವಿ ಗೋರ್ಡ್ ಎಂಬ ಹೆಸರು ಬಂದಿದೆ. ತುಪ್ಪದ ಹೀರೆ ಒಣಗಿದಾಗ ಒಳಗಿನ ನಾರು ಮೈ ಉಜ್ಜುವ ಜಾಲರಿಯಾಗುತ್ತದೆ, ಅದರಿಂದಲೇ ಸ್ಪಾಂಜ್ ಗೋರ್ಡ್.

ಸೀಮೆಬದನೆಯಿಂದ ಮೋಸಹೋಗಬೇಡ. ಕನ್ನಡದಲ್ಲಿ ಬದನೆಯ ಹೆಸರನ್ನು ಹೊತ್ತಿದ್ದರೂ ಅದು ಸೋರೆ, ಹೀರೆಗಳ ಕುಟುಂಬಕ್ಕೇ ಸೇರಿದ ಬಳ್ಳಿ. ಇಂಗ್ಲಿಷಿನಲ್ಲಿ ಅದಕ್ಕೆ ಗೋರ್ಡ್ ಎಂಬುದೂ ಇಲ್ಲ. ಮೆಕ್ಸಿಕೊದ ಮೂಲನಿವಾಸಿಗಳ ನಾವಾಟ್ಲ್ ಭಾಷೆಯಿಂದ ಬಂದ ಚಯೋಟಿ ಎಂಬ ಹೆಸರಿದೆ.

ಪ್ರಶ್ನೆ: ಸೊಪ್ಪು ಎಂಬುದಕ್ಕೆ ಇಂಗ್ಲಿಷ್ ಪದ ಯಾವುದು? ಪಾಲಕ್‌ಗೆ ಸ್ಪಿನಚ್ ಎನ್ನುವುದು ಗೊತ್ತು. ಉಳಿದ ಸೊಪ್ಪುಗಳಿಗೂ ಅದನ್ನೇ ಹೇಳಬಹುದೆ?
(ನಿವೃತ್ತ ಉದ್ಯೋಗಿ)

ಉತ್ತರ: ಹೇಳಬಾರದು. ತಿನ್ನುವ ಸೊಪ್ಪುಗಳನ್ನು ಒಟ್ಟಾಗಿ ಗ್ರೀನ್ಸ್ ಅಥವಾ ಲೀಫಿ ಗ್ರೀನ್ಸ್ ಎನ್ನುತ್ತಾರೆ. ದಂಟು ಮತ್ತು ಹರಿವೆ ಅಮರಂತ್, ಮೆಂತ್ಯ ಫೆನುಗ್ರೀಕ್, ಸಬ್ಬಸಿಗೆ ಡಿಲ್. ಬಸಳೆಗೆ ಮಲಬಾರ್ ಸ್ಪಿನಚ್ ಎಂಬ ಹೆಸರಿದ್ದರೂ ಸಸ್ಯಶಾಸ್ತ್ರದ ಪ್ರಕಾರ ಅದು ಪಾಲಕಿನ ಕುಟುಂಬದ್ದಲ್ಲ. ಕೇಳುವವರಿಗೆ ಈ ಹೆಸರುಗಳ ಪರಿಚಯವಿಲ್ಲದಿದ್ದರೆ, ದಪ್ಪ ಎಲೆಯ, ಬೇಯಿಸಿದರೆ ಲೋಳೆಯಾಗುವ ಬಳ್ಳಿಸೊಪ್ಪು ಎಂದು ಸರಳ ಇಂಗ್ಲಿಷಿನಲ್ಲಿ ವಿವರಿಸುವುದು ಒಣ ಹೆಸರಿಗಿಂತ ಹೆಚ್ಚು ಪ್ರಯೋಜನಕಾರಿ. ನುಗ್ಗೆಕಾಯಿಯ ವಿಷಯದಲ್ಲಂತೂ ಇದು ಅಗತ್ಯವೇ ಸರಿ, ಏಕೆಂದರೆ ಡ್ರಮ್‌ಸ್ಟಿಕ್ ಎಂದರೆ ಅಮೆರಿಕ, ಬ್ರಿಟನ್ನಿನವರಿಗೆ ಮೊದಲು ಹೊಳೆಯುವುದು ಕೋಳಿಯ ಕಾಲು. ಅಂಥವರ ಮುಂದೆ ಮೊರಿಂಗಾ ಎನ್ನುವುದು ಕ್ಷೇಮ. ಗೆಣಸಿನದೂ ಇದೇ ಬಗೆಯ ಕಥೆ: ಅದು ಸ್ವೀಟ್ ಪೊಟೇಟೊ, ಆದರೆ ಅಮೆರಿಕದಲ್ಲಿ ಅದನ್ನು ಯಾಮ್ ಎಂದು ಕರೆಯುವ ರೂಢಿಯೂ ಇರುವುದರಿಂದ ನಿಜವಾದ ಯಾಮ್ ಗೆಡ್ಡೆಯೊಂದಿಗೆ ಬೆರೆತುಹೋಗುತ್ತದೆ.

ಪ್ರಶ್ನೆ: ಟೊಮೇಟೊ ಹಣ್ಣೋ ತರಕಾರಿಯೋ? ಮಗನ ಪುಸ್ತಕದಲ್ಲಿ ಹಣ್ಣು ಎಂದಿದೆ.
(ಒಬ್ಬ ತಂದೆ)

ಉತ್ತರ: ಹೂವಿನ ಅಂಡಾಶಯ ಬೆಳೆದು ಬೀಜವನ್ನು ಹೊತ್ತ ಭಾಗವೆಲ್ಲ ಸಸ್ಯಶಾಸ್ತ್ರಕ್ಕೆ ಹಣ್ಣೇ ಆದ್ದರಿಂದ ಪುಸ್ತಕದ ಮಾತು ತಪ್ಪಲ್ಲ, ಆ ಲೆಕ್ಕದಲ್ಲಿ ಬೆಂಡೆ, ಸೌತೆ, ಬದನೆಗಳೂ ಹಣ್ಣುಗಳು. ದಿನಬಳಕೆಯ ಇಂಗ್ಲಿಷಿನಲ್ಲಿ ಮಾತ್ರ ಅದು ವೆಜಿಟಬಲ್. ಅಮೆರಿಕದ 1883ರ ಸುಂಕದ ಕಾಯಿದೆ ಆಮದಾಗುವ ತರಕಾರಿಗೆ ಸುಂಕ ವಿಧಿಸಿ ಹಣ್ಣಿಗೆ ವಿನಾಯಿತಿ ಕೊಟ್ಟಿದ್ದರಿಂದ ಈ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1893ರಲ್ಲಿ ತೀರ್ಪಿತ್ತ ನ್ಯಾಯಾಲಯ, ಜನಸಾಮಾನ್ಯರ ಮಾತಿನಲ್ಲಿ ಟೊಮೇಟೊ ತರಕಾರಿಯೇ ಎಂದು ಹೇಳಿ ಸುಂಕವನ್ನು ಎತ್ತಿಹಿಡಿಯಿತು.

ಪ್ರಶ್ನೆ: ಟೂ ಗಾರ್ಲಿಕ್ಸ್ ಎಂದು ಬರೆದುದಕ್ಕೆ ಅಧ್ಯಾಪಕರು ಕೆಂಪು ಗೆರೆ ಎಳೆದರು. ಟೂ ಆನಿಯನ್ಸ್ ಸರಿಯಾದರೆ ಇದೇಕೆ ತಪ್ಪು?
(ಪದವಿ ವಿದ್ಯಾರ್ಥಿ)

ಉತ್ತರ: ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್‌ಗಳನ್ನು ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ಎಣಿಸುತ್ತಾರೆ, ಬೆಳ್ಳುಳ್ಳಿ, ಸ್ಪಿನಚ್, ಬ್ರಾಕೊಲಿಗಳನ್ನು ಎಣಿಸುವುದಿಲ್ಲ. ಎಣಿಸಲೇಬೇಕಾದಾಗ ಅವುಗಳ ಹಿಂದೆ ಒಂದು ಅಳತೆಯ ಪದವನ್ನು ಸೇರಿಸಬೇಕು. ಬೆಳ್ಳುಳ್ಳಿಯ ಇಡೀ ಗೆಡ್ಡೆ ಬಲ್ಬ್ ಅಥವಾ ಹೆಡ್, ಒಂದು ಎಸಳು ಕ್ಲೋವ್. ಈ ಎರಡನ್ನು ಅದಲುಬದಲು ಮಾಡಿಕೊಂಡವರ ಅಡುಗೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಎಲೆಕೋಸಿಗೂ ಹೆಡ್, ಹೂಕೋಸಿನ ಬಿಡಿ ಹೂವಿಗೆ ಫ್ಲೋರೆಟ್, ಸೊಪ್ಪಿನ ಕಟ್ಟಿಗೆ ಬಂಚ್, ಬಟಾಣಿಯ ಸಿಪ್ಪೆಗೆ ಪಾಡ್, ಮೆಕ್ಕೆಜೋಳದ ತೆನೆಗೆ ಇಯರ್ ಅಥವಾ ಕಾಬ್. ಪೊಟೇಟೊ, ಟೊಮೇಟೊಗಳ ಬಹುವಚನವನ್ನು ಬರೆಯುವಾಗ ಬರೀ ಎಸ್ ಸಾಲದು, ಅದರ ಮೊದಲು ಇ ಅಕ್ಷರವೂ ಬೇಕು.

ಪ್ರಶ್ನೆ: ಹೆಸರುಗಳು ಗೊತ್ತಿದ್ದರೂ ನಾನು ಹೇಳಿದ್ದು ಇಂಗ್ಲಿಷಿನವರಿಗೆ ಅರ್ಥವಾಗುವುದಿಲ್ಲ. ಉಚ್ಚಾರಣೆಗೆ ಏನಾದರೂ ನಿಯಮವಿದೆಯೆ?
(ಒಬ್ಬ ಓದುಗ)

ಉತ್ತರ: ಕನ್ನಡದಲ್ಲಿ ಬರೆದ ಪ್ರತಿಯೊಂದು ಅಕ್ಷರವನ್ನೂ ತುಂಬು ದನಿಯಲ್ಲಿ ಓದುತ್ತೇವೆ, ಇಂಗ್ಲಿಷಿನಲ್ಲಿ ಒತ್ತು ಬೀಳದ ಭಾಗ ಸವೆದುಹೋಗುತ್ತದೆ, ತೊಡಕಿರುವುದು ಇಲ್ಲಿಯೇ. ವೆಜಿಟೇಬಲ್ ಎಂದು ಕೊನೆಯಲ್ಲಿ ಟೇಬಲ್ ಕೇಳಿಸುವಂತೆ ಹೇಳದೆ, ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ವೆಜ್‌ಟಬಲ್ ಎನ್ನಬೇಕು. ಕ್ಯಾಬೇಜ್ ಅಲ್ಲ, ಕ್ಯಾಬಿಜ್. ಲೆಟ್ಯೂಸ್ ಅಲ್ಲ, ಲೆಟಿಸ್. ಸ್ಪಿನಾಚ್ ಅಲ್ಲ, ಸ್ಪಿನಿಚ್. ಪೊಟೇಟೊ, ಟೊಮೇಟೊಗಳಲ್ಲಿ ಒತ್ತು ಎರಡನೆಯ ಅಕ್ಷರಕ್ಕೆ ಸರಿಯುವುದರಿಂದ ಮೊದಲ ಅಕ್ಷರ ಪ, ಟ ಎಂದಷ್ಟೇ ಕೇಳಿಸುತ್ತದೆ. ಆ ಎರಡನೆಯ ಅಕ್ಷರವನ್ನು ಪೊಟೇಟೊದಲ್ಲಿ ಎಲ್ಲರೂ ಟೇ ಎಂದೇ ಹೇಳುತ್ತಾರೆ. ಟೊಮೇಟೊದಲ್ಲಿ ಅಮೆರಿಕನ್ನರು ಮೇ ಎಂದರೆ ಬ್ರಿಟಿಷರು ಮಾ ಎನ್ನುತ್ತಾರೆ, ನೀವು ಯಾವುದನ್ನು ಹೇಳಿದರೂ ಇಬ್ಬರಿಗೂ ತಿಳಿಯುತ್ತದೆ.