ಪ್ರತಿಕ್ರಿಯೆ: ‘ಕಲ್ಲಿದ್ದಲು ಬಿಟ್ಟರೆ ಸಂಜೆ ಕರೆಂಟ್ ಎಲ್ಲಿಂದ?’ ಎಂದರೆ ಏನು ಹೇಳೋದು
ಕಲ್ಲಿದ್ದಲು ಬಿಡಬೇಕು ಎಂದು ಚರ್ಚಾಸ್ಪರ್ಧೆಯಲ್ಲಿ ವಾದಿಸುವಾಗ ಈ ಪ್ರಶ್ನೆಗೆ ತಡವರಿಸಿದೆ ಎಂದು ಬರೆದಿದ್ದೀರಿ. ಬಹುಶಃ ‘ಸೋಲಾರ್ ಅಗ್ಗ’ ಎಂದಷ್ಟೇ ವಾದಿಸಿದ್ದಕ್ಕೆ ಹಾಗಾಯಿತು. ಆ ಅಗ್ಗದ ದರ ಹಗಲಿನದು. ಸಂಜೆ ಏಳಕ್ಕೆ ಮನೆಮನೆಯಲ್ಲೂ ದೀಪ, ಟಿವಿ, ಮಿಕ್ಸಿ ಒಟ್ಟಿಗೇ ಓಡುತ್ತವೆ. ಪಾವಗಡದ ಪ್ಯಾನೆಲ್‌ಗಳು ಆಗ ಸುಮ್ನೆ ಮಲಗಿರುತ್ತವೆ.

ಮುಂದಿನ ಸುತ್ತಿನಲ್ಲಿ ಇದನ್ನು ನೀವೇ ಮೊದಲು ಒಪ್ಪಿಕೊಳ್ಳಿ. ಹಗಲಿನ ಕರೆಂಟನ್ನು ಸಂಜೆಗೆ ಕೂಡಿಡುವ ಬ್ಯಾಟರಿ ಖರ್ಚನ್ನೂ ಸೇರಿಸಿ ಲೆಕ್ಕ ಕೊಡಿ. ಆಮೇಲೆ ಕಲ್ಲಿದ್ದಲು ಬಿಡೋದು ಯಾಕೆ ಕಷ್ಟ ಎಂಬ ರಾಜಕೀಯಕ್ಕೆ ಬನ್ನಿ: ರೈಲ್ವೆಗೆ ಸರಕು ಸಾಗಣೆಯಲ್ಲಿ ಜಾಸ್ತಿ ಆದಾಯ ಕಲ್ಲಿದ್ದಲಿನಿಂದಲೇ, ನಮ್ಮ ಟಿಕೆಟ್ ಅಗ್ಗವಾಗಿರೋದಕ್ಕೂ ಅದೇ ಆಸರೆ. ಜಾರ್ಖಂಡ್‌ನ ಗಣಿ ಕೂಲಿಗಳನ್ನು ಮಾತ್ರ ಮರೆಯಬೇಡಿ, ಅವರ ಅನ್ನದ ಪ್ರಶ್ನೆ ಅಲ್ವಾ.

ಕೊನೆಗೆ ಬ್ರಿಟನ್ ಉದಾಹರಣೆ ಇಡಿ. 2013ರಲ್ಲಿ ವಿದ್ಯುತ್ ಸ್ಥಾವರಗಳು ಹೊರಬಿಡುವ ಇಂಗಾಲಕ್ಕೆ ಕನಿಷ್ಠ ಬೆಲೆ ಕಟ್ಟಿದರು, ಕಲ್ಲಿದ್ದಲು ದುಬಾರಿಯಾಯಿತು, 2024ರ ಸೆಪ್ಟೆಂಬರ್ 30ಕ್ಕೆ ಕೊನೆಯ ಕಲ್ಲಿದ್ದಲು ಸ್ಥಾವರ ನಿಂತಿತು. ಕಲ್ಲಿದ್ದಲಿನ ಬದಲು ಕರೆಂಟ್ ತೆಗೆಯಲು ಅವರಿಗೆ ನೈಸರ್ಗಿಕ ಗ್ಯಾಸ್ ಇತ್ತು, ನಮ್ಮಲ್ಲಿ ಅಷ್ಟಿಲ್ಲ. ಕೇಳಿದರೆ ಅದನ್ನೂ ಹೇಳಿಬಿಡಿ.