ಎಣ್ಣೆ ಕೂತಿತ್ತು, ಚಟ್ನಿಪುಡಿ ಓಡಿತು

ಹೋದ ಸಂಚಿಕೆಯಲ್ಲಿ ನಮ್ಮ ಗಾಣದಲ್ಲಿ ಹೆಂಪ್, ಅಂದರೆ ಭಂಗಿ ಗಿಡದ ಬೀಜ ಅರೆಯುವ ವಿಷಯ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರ ಕೊಬ್ಬರಿ ಎಣ್ಣೆಗೂ ಬಂದಿರಲಿಲ್ಲ. ಅರ್ಧ ಪತ್ರಗಳಲ್ಲಿ ಇರುವುದು ಒಂದೇ ಮಾತು: "ಪೊಲೀಸ್ ಹಿಡಿಯಲ್ವಾ?" ಹಾಗಾಗಿ ಈ ಸಲ ಪೂರ್ತಿ ಅದೇ.

ಅಕ್ಕಾ, ನಾನು ಮನೆಯಲ್ಲೇ ಕೊಬ್ಬರಿ ಎಣ್ಣೆ ಸೋಪು ಮಾಡಿ ಮಾರುತ್ತೇನೆ. ಹೆಂಪ್ ಪದಾರ್ಥಗಳನ್ನೂ ಶುರು ಮಾಡುವ ಆಸೆ. ನಮ್ಮ ಯಜಮಾನರು "ಗಾಂಜಾ ವ್ಯಾಪಾರ ಮನೆಗೆ ತರಬೇಡ" ಅಂತಾರೆ. ಕಾನೂನು ಏನು? ನಿಮ್ಮ ವ್ಯಾಪಾರ ಹೇಗೆ ಬೆಳೆಯಿತು?
– ಗೃಹಿಣಿ, ಹಾಸನ

ನಿಮ್ಮ ಯಜಮಾನರು ಹೆದರುವುದರಲ್ಲಿ ತಪ್ಪಿಲ್ಲ. ಹೆಂಪ್, ಗಾಂಜಾ ಎರಡೂ ಒಂದೇ ಜಾತಿಯ ಗಿಡ. ಆದರೆ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಅನ್ನುವುದು ಗಿಡದ ಹೂ, ಕಾಯಿ ಬಿಡುವ ತುದಿಗೆ. ತುದಿಯಿಂದ ಬೇರೆ ಮಾಡಿದ ಬೀಜ, ಎಲೆ ಆ ಲೆಕ್ಕಕ್ಕೆ ಬರುವುದಿಲ್ಲ. 2021ರ ನವೆಂಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಅದರ ಎಣ್ಣೆ, ಅದರ ಹಿಟ್ಟು ಮೂರನ್ನೂ ಆಹಾರ ಅಂತ ಒಪ್ಪಿಕೊಂಡಿತು. ಬೀಜ ಮೊಳಕೆ ಒಡೆಯುವಂಥದ್ದಾಗಿರಬಾರದು. ನಶೆ ಏರಿಸುವ ಟಿಎಚ್‌ಸಿ ಬೀಜದಲ್ಲಿ ಕೆಜಿಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ದಾಟಬಾರದು. ಹಾಗಾಗಿ ಲ್ಯಾಬ್ ರಿಪೋರ್ಟ್ ಮತ್ತು ಬಿಲ್ ಇಲ್ಲದೆ ಒಂದು ಮೂಟೆಯನ್ನೂ ನಾನು ಒಳಗೆ ಇಳಿಸಿಕೊಳ್ಳುವುದಿಲ್ಲ. ಬೆಳೆಯುವ ವಿಷಯ ಬೇರೆ. ಅದಕ್ಕೆ ರಾಜ್ಯ ಸರ್ಕಾರದ ಅನುಮತಿ ಬೇಕು. 2018ರಲ್ಲಿ ಉತ್ತರಾಖಂಡ ಮೊದಲು ಆ ದಾರಿ ತೆರೆಯಿತು. ಹಿತ್ತಲಲ್ಲಿ ಎರಡು ಗಿಡ ಹಾಕೋಣ ಅಂತ ಮಾತ್ರ ಹೊರಡಬೇಡಿ. ಆಗ ಯಜಮಾನರ ಮಾತೇ ನಿಜವಾಗುತ್ತದೆ.

ಇನ್ನು ನನ್ನ ಕಥೆ. ಮೈಸೂರಿನಲ್ಲಿ ನಮ್ಮದು ಮರದ ಗಾಣ. ಉತ್ತರಾಖಂಡದ ಅಲ್ಮೋರಾ ಹತ್ತಿರದ ಜಾಗೇಶ್ವರ ನೋಡಲು ಹೋದಾಗ ಒಂದು ಚಿಕ್ಕ ಹೋಟೆಲಿನಲ್ಲಿ ಆಲೂಗಡ್ಡೆ ಪಲ್ಯದ ಪಕ್ಕ ಬೂದು ಬಣ್ಣದ ಚಟ್ನಿ ಇಟ್ಟರು. ಜೀರಿಗೆ, ನಿಂಬೆ ಹುಳಿ, ಹಸಿಮೆಣಸು, ಹಿಂದೆ ಇನ್ನೇನೋ ಎಳ್ಳಿನಂಥ ರುಚಿ. ಕೇಳಿದರೆ ಭಂಗಿ ಬೀಜದ್ದು ಅಂದರು. ಆ ಕುಮಾವೂ ಸೀಮೆಯಲ್ಲಿ ಅದು ಮನೆಮನೆಯ ಅಡುಗೆ. ನಾನು ಎರಡು ಸಲ ಹಾಕಿಸಿಕೊಂಡೆ. ತಲೆ ತಿರುಗಲಿಲ್ಲ.

2022ರಲ್ಲಿ 40 ಕೆಜಿ ಬೀಜ ತರಿಸಿದೆ. ಗಾಣಕ್ಕೆ ಹಾಕಿದರೆ ಹಸಿರು ಎಣ್ಣೆ ಬಂತು, ಕಡು ಪಾಚಿ ಬಣ್ಣ. ಕಂದು ಬಾಟಲಿಗೆ ತುಂಬಿದೆ. ಆರು ತಿಂಗಳಲ್ಲಿ ಹೋಗಿದ್ದು 31 ಬಾಟಲಿ. ಅದರಲ್ಲಿ ಒಂಬತ್ತು ನಮ್ಮ ನೆಂಟರೇ ತಗೊಂಡಿದ್ದು. ಒಂದು ಲೀಟರ್ ಕಡಲೆಕಾಯಿ ಎಣ್ಣೆಯ ದುಡ್ಡಿಗೆ ಇದು ಕಾಲು ಲೀಟರೂ ಬರುವುದಿಲ್ಲ. ಮೇಲಿಂದ "ಒಗ್ಗರಣೆಗೆ ಹಾಕಬಹುದಾ?" ಅಂತ ಕೇಳಿದರೆ "ಬೇಡ" ಅನ್ನಬೇಕು. ಕಾಯಿಸಿದರೆ ಈ ಎಣ್ಣೆ ಕೆಡುತ್ತದೆ. ಒಗ್ಗರಣೆಗೆ ಬಾರದ ಎಣ್ಣೆ ನಮ್ಮ ಜನಕ್ಕೆ ಯಾಕೆ?

ಉಳಿದ ಬೀಜದ ಚೀಲ ನೋಡಿ ನಮ್ಮ ಅತ್ತೆ ಒಂದು ದಿನ "ಇದು ಹುಚ್ಚೆಳ್ಳಿನ ಥರಾನೇ ಇದೆಯಲ್ಲ" ಅಂದರು. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರು. ಒಂದೊಂದೇ ಚಟಪಟ ಅಂದು ಪರಿಮಳ ಹಬ್ಬಿತು. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಒಣಕೊಬ್ಬರಿ, ಹುಣಸೆ, ಚೂರು ಬೆಲ್ಲ ಹಾಕಿ ತರಿತರಿಯಾಗಿ ಕುಟ್ಟಿದರು. ಭಾನುವಾರದ ಸಾವಯವ ಸಂತೆಗೆ 4 ಕೆಜಿ ತಗೊಂಡು ಹೋದೆ. ದೋಸೆ ತುಂಡಿನ ಮೇಲೆ ಹಾಕಿ ರುಚಿಗೆ ಕೊಟ್ಟೆ. ಹನ್ನೊಂದು ಗಂಟೆಗೆ ಖಾಲಿ. ಈಗ ತಿಂಗಳಿಗೆ 60 ಕೆಜಿ ಹೋಗುತ್ತದೆ. ಇಬ್ಬರಿದ್ದ ಕಡೆ ಐದು ಜನ ಕೆಲಸಕ್ಕಿದ್ದಾರೆ. ಎಣ್ಣೆ ಈಗಲೂ ನಿಧಾನವೇ. ಚಟ್ನಿಪುಡಿ ತಿಂದು ನಂಬಿಕೆ ಬಂದವರು ಆಮೇಲೆ ಎಣ್ಣೆ ಕೇಳುತ್ತಾರೆ, ಸೋಪು ಕೇಳುತ್ತಾರೆ. ನಾನು ಹೋಗಿದ್ದು ಉಲ್ಟಾ ದಾರಿ.

ದುಡ್ಡು ಎಲ್ಲಿ ಹೋಯಿತು ಅಂತಲೂ ಹೇಳಿಬಿಡುತ್ತೇನೆ. ಮೊದಲ ಲೇಬಲ್ ಮೇಲೆ ಡಿಸೈನ್ ಮಾಡಿದ ಹುಡುಗ ಚೆಂದದ ಐದು ಬೆರಳಿನ ಎಲೆ ಬಿಡಿಸಿದ್ದ. 2,000 ಲೇಬಲ್ ಪ್ರಿಂಟ್ ಆದ ಮೇಲೆ ನಿಯಮ ಓದಿದೆ: ಬೀಜ ಬಿಟ್ಟು ಗಿಡದ ಬೇರೆ ಯಾವ ಭಾಗದ ಚಿತ್ರವೂ ಇರಬಾರದು, ನಶೆಯ ಸುಳಿವೂ ಕೊಡಬಾರದು. ಎಲ್ಲಾ ರದ್ದಿಗೆ ಹೋಯಿತು. ಆಮೇಲೆ ಆನ್‌ಲೈನ್ ಹಣ ತಗೊಳ್ಳುವ ಒಂದು ಕಂಪನಿ "ನಿಷೇಧಿತ ವಸ್ತು" ಅಂತ ನಮ್ಮ ಖಾತೆಯನ್ನೇ ಮುಚ್ಚಿತು. ದಸರಾ ಆರ್ಡರ್ ಬರುವ ಹೊತ್ತಿಗೆ! ಕಾಗದ ಎಲ್ಲಾ ಕಳಿಸಿದರೂ ಕೇಳಲಿಲ್ಲ. ಎರಡು ಕಡೆ ಖಾತೆ ಇಟ್ಟುಕೊಳ್ಳಿ.

ಸೋಪು ಮಾಡುವವರು ನೀವು, ಅದಕ್ಕೆ ಇನ್ನೊಂದು. ಸೋಪು ಆಹಾರ ಅಲ್ಲ, ಸೌಂದರ್ಯ ಸಾಧನ. 2020ರ ಕಾಸ್ಮೆಟಿಕ್ಸ್ ನಿಯಮದಂತೆ ರಾಜ್ಯದ ಔಷಧ ನಿಯಂತ್ರಣ ಇಲಾಖೆಯಿಂದ ತಯಾರಿಕಾ ಲೈಸೆನ್ಸ್ ಬೇಕು. ಮನೆಯಲ್ಲಿ ಮಾಡಿದರೂ ಬೇಕು. ಸೋಪಿನ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಹಾಕಿದ್ದನ್ನು ನಾನೇ ಸಂತೆಯಲ್ಲಿ ನೋಡಿದ್ದೇನೆ. ತಿನ್ನೋಕೇನೋ!

ರೈತ ಸಂಪರ್ಕ ಕೇಂದ್ರದಲ್ಲಿ ಹಸಿರೆಲೆ ಗೊಬ್ಬರಕ್ಕೆ ಸೆಣಬಿನ ಬೀಜ ಸಿಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೂ ಹೆಂಪ್ ಅಂತಾರಂತೆ. ಅದನ್ನೇ ಗಾಣಕ್ಕೆ ಹಾಕಬಹುದಾ ಮೇಡಂ?
– ರೈತ, ರಾಣೆಬೆನ್ನೂರು

ಬೇಡ, ಬೇಡ! ಅದು ಸನ್ ಹೆಂಪ್. ಹಳದಿ ಹೂ ಬಿಡುತ್ತದಲ್ಲ, ಅದು. ಅವರೆ, ತೊಗರಿಯ ಬಳಗದ್ದು. ಮಣ್ಣಿಗೆ ಉಳಲು ಚಿನ್ನದಂಥ ಬೆಳೆ, ಆದರೆ ಬೀಜದಲ್ಲಿ ವಿಷದ ಅಂಶ ಇದೆ, ತಿನ್ನುವಂಥದ್ದಲ್ಲ. ಗೋಣಿಚೀಲದ ಸೆಣಬು ಇನ್ನೊಂದು ಗಿಡ. ನಿಮ್ಮ ಕಡೆಯ ಪುಂಡಿಯ ನಾರಿಗೂ ಇಂಗ್ಲಿಷಿನವರು ಹೆಂಪ್ ಅಂತಲೇ ಹೆಸರಿಟ್ಟಿದ್ದಾರೆ. ನಾರು ಬಂದಿದ್ದೆಲ್ಲಾ ಅವರಿಗೆ ಹೆಂಪ್. ನೀವು ಸೆಣಬನ್ನು ಹೂ ಬರುವ ಹೊತ್ತಿಗೆ ಉತ್ತುಬಿಡಿ. ಪುಂಡಿಪಲ್ಯ ಊಟ ಮಾಡಿ.

ನಮ್ಮ ಅತ್ತೆಗೆ ಮಂಡಿನೋವು. ಹೆಂಪ್ ಎಣ್ಣೆ ಹಚ್ಚಿದರೆ ಹೋಗುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಮ್ಮ ಬಾಟಲಿ ಮೇಲೆ ಯಾಕೆ ಹಾಗೆ ಬರೆದಿಲ್ಲ?
– ಓದುಗರು, ತುಮಕೂರು

ನಮ್ಮದರಲ್ಲಿ ಆ ಗುಣ ಇದೆ ಅಂತ ನನಗೆ ಗೊತ್ತಿಲ್ಲ, ಅದಕ್ಕೆ. ವಿಡಿಯೋದವರು ಹೇಳುವುದು ಬಹುಶಃ ಈ ಗಿಡದ ಸಿಬಿಡಿ ಅನ್ನುವ ಅಂಶದ ಬಗ್ಗೆ. ಅದು ಬರುವುದು ಎಲೆ, ಹೂವಿನಿಂದ. ಬೀಜದ ಎಣ್ಣೆಯಲ್ಲಿ ಅದು ಇಲ್ಲ ಅನ್ನುವಷ್ಟು ಕಡಿಮೆ. ಎಲೆಯಿಂದ ಮಾಡಿದ ಔಷಧಿಗಳು ಆಯುರ್ವೇದದಲ್ಲಿ ವಿಜಯಾ ಹೆಸರಿನಲ್ಲಿ ಬರುತ್ತವೆ. ಅವಕ್ಕೆ ಆಯುಷ್ ಲೈಸೆನ್ಸ್ ಬೇರೆ, ವೈದ್ಯರ ಚೀಟಿ ಬೇಕು. ಅತ್ತೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಆ ಔಷಧಿಗಳ ತಂಟೆಗೆ ಹೋಗಲೇಬೇಡಿ. ನಮ್ಮ ಎಣ್ಣೆ ಹಚ್ಚಿ ತಿಕ್ಕಿದರೆ ಚರ್ಮ ನುಣುಪಾಗುತ್ತದೆ, ಸೊಸೆ ಕಾಲು ಒತ್ತಿದಳು ಅಂತ ಅತ್ತೆಗೆ ಖುಷಿಯಾಗುತ್ತದೆ. ಅಷ್ಟಕ್ಕೆ ಎಳ್ಳೆಣ್ಣೆ ಸಾಕು, ಅಗ್ಗ.

ದುಬೈನಲ್ಲಿರುವ ತಂಗಿ ನಿಮ್ಮ ಎಣ್ಣೆ ಮತ್ತು ಸೋಪು ತರಲು ಹೇಳಿದ್ದಾಳೆ. ಕಳಿಸುತ್ತೀರಾ?
– ಮಂಗಳೂರು

ಇಲ್ಲ. ಗಲ್ಫ್ ಕಡೆ ಈ ಗಿಡದ ವಿಷಯದಲ್ಲಿ ಕಾನೂನು ತುಂಬಾ ಬಿಗಿ. ತಂಗಿಗೆ ಹುಚ್ಚೆಳ್ಳು ಪುಡಿ ತಗೊಂಡು ಹೋಗಿ.

ಅಕ್ಕಾ, ಹೆಂಪ್ ಎಣ್ಣೆ ಹಾಕಿ ಸೋಪು ಮಾಡಿದೆ. ಎರಡು ತಿಂಗಳಿಗೆ ಸೋಪಿನ ಮೈತುಂಬಾ ಕೇಸರಿ ಚುಕ್ಕೆ, ಹಳಸಿದ ವಾಸನೆ. ಎಲ್ಲಿ ತಪ್ಪಿತು?
– ಶಿರಸಿ

ಅಯ್ಯೋ, ನನಗೂ ಆಗಿದೆ. ಈ ಎಣ್ಣೆ ಅಗಸೆ ಎಣ್ಣೆಯ ಜಾತಿ, ಗಾಳಿ ತಾಗಿದರೆ ಬೇಗ ಕಮಟುತ್ತದೆ. ನಾನು ಒಟ್ಟು ಎಣ್ಣೆಯಲ್ಲಿ ಕಾಲು ಭಾಗ ಇದನ್ನೇ ಹಾಕಿದ್ದೆ, ಅದೂ ಜುಲೈ ಮಳೆಯಲ್ಲಿ. 140 ಸೋಪು. ಹೊರಗಿಂದ ನೋಡಿದರೆ ಸಿಡುಬು ಎದ್ದ ಹಾಗೆ. ಈಗ ನೂರಕ್ಕೆ 5 ಭಾಗ ಮಾತ್ರ ಹಾಕುತ್ತೇನೆ, ಉಳಿದದ್ದು ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕೋಕಂ ಬೆಣ್ಣೆ. ಎಣ್ಣೆ ಅರೆದ ಒಂದು ತಿಂಗಳೊಳಗಿನದ್ದೇ ಆಗಬೇಕು, ಫ್ರಿಜ್‌ನಲ್ಲಿ ಇಟ್ಟಿರಬೇಕು. ಸೋಪು ಒಣಗಿಸುವುದು ಮರದ ಹಲಗೆ ಮೇಲೆ, ಕಬ್ಬಿಣದ ಜಾಲರಿ ಮೇಲಲ್ಲ. ನಿಮ್ಮ ಶಿರಸಿಯ ಮಳೆಗಾಲದಲ್ಲಂತೂ ಮಾಡಲೇಬೇಡಿ, ನವೆಂಬರ್‌ಗೆ ಶುರು ಮಾಡಿ.

ಕೆಟ್ಟಿದ್ದನ್ನು ಬಿಸಾಕಬೇಡಿ. ನನ್ನ 140ರಲ್ಲಿ ಗಾಣದ ಹುಡುಗರು ಇನ್ನೂ ಜಿಡ್ಡಿನ ಬಟ್ಟೆ ಒಗೆಯುತ್ತಿದ್ದಾರೆ. ವಾಸನೆಗೆ ಬೈದುಕೊಂಡೇ.